ಮೀನಿನ ತೊಟ್ಟಿಯ ಹುಲ್ಲುಹಾಸು

ಬೆಳಗ್ಗೆ ಎದ್ದು ನೋಡಿದರೆ ಹಸಿರೆಲ್ಲ ನೀರಿನ ಮೇಲೆ ತೇಲುತ್ತಿರುತ್ತಿತ್ತು. ಹಿಂದಿನ ಸಂಜೆ ಇಕ್ಕಳದ ತುದಿಯಲ್ಲಿ ಒಂದೊಂದೇ ಎಳೆ ಹಿಡಿದು, ಮೊಣಕೈವರೆಗೆ ತೋಳು ಮುಳುಗಿಸಿ, ಗಾಜಿನ ತೊಟ್ಟಿಯ ತಳದ ಮಣ್ಣಿನಲ್ಲಿ ನಾನೇ ನೆಟ್ಟಿದ್ದ ಕಿರುಹುಲ್ಲು ಅದು. ಸಾಸಿವೆಗಿಂತ ತುಸು ದೊಡ್ಡ ಎಲೆ, ಕೂದಲಿನಷ್ಟು ಬೇರು. ಮೀನುಗಳು ಬುಡ ಕೆದಕುತ್ತಿದ್ದವೋ, ನೀರೇ ಮೇಲಕ್ಕೆ ಎಳೆಯುತ್ತಿತ್ತೋ, ಅಂತೂ ಬೆಳಗಾಗುವಷ್ಟರಲ್ಲಿ ನನ್ನ ಸಂಜೆಯ ಶ್ರಮವೆಲ್ಲ ಸಾರಿನ ಮೇಲೆ ಉದುರಿಸಿದ ಕೊತ್ತಂಬರಿ ಸೊಪ್ಪಾಗಿರುತ್ತಿತ್ತು.

ಆಗ ನಾನು ಆ ಮನೆಗೆ ಹೊಸ ಸೊಸೆ. ಬೇರೆ ಹೆಣ್ಣುಮಕ್ಕಳು ತವರಿನಿಂದ ಬೆಳ್ಳಿ ದೀಪ, ಹಿತ್ತಾಳೆ ಕೊಳಗ ತಂದರೆ ನಾನು ಮೀನಿನ ತೊಟ್ಟಿ ತಂದಿದ್ದೆ. ದಿಬ್ಬಣದವರು ಅದನ್ನು ವ್ಯಾನಿನಿಂದ ಇಳಿಸುವಾಗ ನಕ್ಕ ನಗು ಬೀದಿಯ ಕೊನೆಯವರೆಗೆ ಕೇಳಿಸಿತ್ತು. ನನಗೆ ಬೇಸರವಾಗಲಿಲ್ಲ. ಅಕ್ವೇರಿಯಂ ಅಂಗಡಿಯ ಗೋಡೆಯ ಮೇಲೆ ನಾನೊಂದು ಚಿತ್ರ ನೋಡಿದ್ದೆ. ತೊಟ್ಟಿಯ ಮುಂಭಾಗದ ನೆಲದ ತುಂಬ ಒತ್ತಾದ ಹಸಿರು ಹಾಸು, ಅದರ ಮೇಲೆ ದನ ಮೇಯ್ದ ಹಾಗೆ ನಿಧಾನವಾಗಿ ತಿರುಗಾಡುವ ಮೀನುಗಳು. ಅಂಥದೊಂದು ಹಾಸು ನನ್ನ ತೊಟ್ಟಿಯಲ್ಲೂ ಆಗಬೇಕೆಂಬುದು ನನ್ನ ತಲೆಯೊಳಗೆ ಹೊಕ್ಕ ಹುಳು.

ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿತ್ತು. ಆ ಮನೆಯಲ್ಲಿ ಪ್ರತಿಯೊಂದಕ್ಕೂ ನಾನು ಬರುವ ಮೊದಲೇ ಜಾಗ ಗೊತ್ತಾಗಿಬಿಟ್ಟಿತ್ತು. ಉಪ್ಪಿನ ಜಾಡಿಯಿಂದ ಹಿಡಿದು ಊಟಕ್ಕೆ ಯಾರು ಎಲ್ಲಿ ಕೂರಬೇಕೆಂಬುದರವರೆಗೆ. ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ನಡುಮನೆಯ ಕಿಟಕಿ ಪಕ್ಕದ ಮೂಲೆಯೊಂದೇ, ತೊಟ್ಟಿ ಇಟ್ಟಿದ್ದ ಮೂಲೆ. ಅದೂ ಕಾಯಂ ಅಲ್ಲ. ನವರಾತ್ರಿಯಲ್ಲಿ ಅತ್ತೆ ತುಂಗಮ್ಮನವರು ಗೊಂಬೆ ಕೂರಿಸುತ್ತಿದ್ದ ಜಾಗ ಅದು. ತೊಟ್ಟಿ ಬಂದ ದಿನವೇ ಅವರು ನಿಧಾನವಾಗಿ ಹೇಳಿದ್ದರು: "ನವರಾತ್ರಿವರ್ಗೂ ಇಲ್ಲಿರ್ಲಮ್ಮ. ಆಮೇಲೆ ಹಿತ್ಲು ಕಡೆ ಎಲ್ಲಾದ್ರೂ ನೋಡೋಣ."

ಹಿತ್ತಿಲು ಎಂದರೆ ಸೌದೆ, ಒಡೆದ ಬಕೆಟ್ಟು, ಕಾಲು ಮುರಿದ ಕುರ್ಚಿಗಳ ಲೋಕ. ಅಲ್ಲಿಗೆ ಹೋದದ್ದು ಒಳಗೆ ಮರಳಿದ ಉದಾಹರಣೆ ಇರಲಿಲ್ಲ. ಹಸಿರು ಹಾಸು ಎದ್ದುಬಂದು ತೊಟ್ಟಿ ಕಣ್ಣಿಗೆ ಹಬ್ಬವಾಗಿಬಿಟ್ಟರೆ ಅತ್ತೆಯ ಮನಸ್ಸು ಕರಗೀತು ಎಂಬುದೊಂದೇ ನನ್ನ ಆಸೆ. ಇಲ್ಲದಿದ್ದರೆ ತೊಟ್ಟಿಯ ಜೊತೆಗೆ ನಾನೂ ಅರ್ಧ ಹಿತ್ತಿಲಿಗೆ ಹೋದಂತೆಯೇ ಎನ್ನಿಸುತ್ತಿತ್ತು.

ಆದರೆ ಹುಲ್ಲು ನನ್ನ ಮಾತು ಕೇಳಬೇಕಲ್ಲ. ಬುಡಕ್ಕೆ ಬೆಣಚುಕಲ್ಲು ಒತ್ತಿದೆ, ದಾರದಲ್ಲಿ ಕಟ್ಟಿದೆ, ಸೊಳ್ಳೆಪರದೆಯ ತುಂಡು ಹೊದಿಸಿ ಹೂತೆ. ಯಾವುದಕ್ಕೂ ಅದು ಜಗ್ಗಲಿಲ್ಲ. ಗಂಡ ಚಂದ್ರಮೌಳಿ ಕಾಫಿ ಲೋಟ ಹಿಡಿದು ಬಂದು ತೇಲುವ ಹಸಿರನ್ನು ನೋಡಿ, ಬೆಳೆ ಈ ಸಲ ಮೇಲ್ಗಡೆಯೇ ಬಂದಿದೆ ಎಂದು ಕೀಟಲೆ ಮಾಡುತ್ತಿದ್ದರು. ಅತ್ತೆ ಹೂ ಕಟ್ಟುತ್ತಾ ದೂರದಿಂದಲೇ ನೋಡುತ್ತಿದ್ದರು. ಒಮ್ಮೆ ಮಾತ್ರ, ಬೇರು ಬಿಡುವ ಮೊದಲೇ ಅಷ್ಟು ನೀರು ಹೊರಿಸಿದರೆ ಅದು ಪಾಪ ಏನು ಮಾಡೀತು ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಮೀನಿನ ತೊಟ್ಟಿಯಲ್ಲಿ ನೀರಿಲ್ಲದೆ ಇನ್ನೇನಿರಬೇಕು ಎಂದು ನಾನು ಒಳಗೊಳಗೇ ಮುಖ ಸಿಂಡರಿಸಿದೆ.

ಬೇಸಿಗೆಯಲ್ಲಿ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಬೇಕಾಯಿತು. ಉಳಿದಿದ್ದ ಹುಲ್ಲನ್ನೆಲ್ಲ ಕೊನೆಯ ಸಲ ನೆಟ್ಟು, ಮೀನಿಗೆ ಕಾಳು ಹಾಕುವ ಕೆಲಸವನ್ನು ಗಂಡನಿಗೆ ವಹಿಸಿ ಬಸ್ಸು ಹತ್ತಿದೆ. ಫೋನು ಮಾಡಿದಾಗಲೆಲ್ಲ ಅವರು "ಎಲ್ಲ ಚೆನ್ನಾಗಿದೆ, ನೀನು ಆರಾಮಾಗಿರು" ಎನ್ನುತ್ತಿದ್ದರು. ತೊಟ್ಟಿಯ ಸುದ್ದಿ ಎತ್ತಿದರೆ ತಂಗಿಯ ಮಗುವಿನ ಸುದ್ದಿಗೆ ಜಾರುತ್ತಿದ್ದರು. ಗಂಡಸರು ಹಾಗೆ ಮಗುವಿನ ವಿಚಾರಕ್ಕೆ ಅಷ್ಟು ಆಸಕ್ತಿ ತೋರಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಎರಡು ತಿಂಗಳ ಮೇಲೆ ಊರಿಗೆ ಮರಳಿ ಚಪ್ಪಲಿ ಬಿಟ್ಟವಳೇ ಮೂಲೆಯ ಕಡೆ ನೋಡಿದೆ. ತೊಟ್ಟಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದಿತ್ತು. ಗಾಜು ಒಳಗಿನಿಂದ ಆವಿಗಟ್ಟಿ ಬೆಳ್ಳಗಾಗಿತ್ತು. ನೀರಿನ ಸುಳಿವಿಲ್ಲ, ಮೀನಿಲ್ಲ. ನವರಾತ್ರಿಯವರೆಗೂ ಕಾಯದೆ ನನ್ನ ಮೂಲೆಯನ್ನು ತೆರವು ಮಾಡಲು ಶುರುಮಾಡಿದ್ದಾರೆ ಎಂದುಕೊಂಡೆ. ಚೀಲ ಕೈಯಲ್ಲಿ ಹಿಡಿದುಕೊಂಡೇ ನಡುಮನೆಯಲ್ಲಿ ನಿಂತು ಅತ್ತುಬಿಟ್ಟೆ.

ಅಡುಗೆಮನೆಯಿಂದ ಓಡಿಬಂದ ಅತ್ತೆಗೆ ಮೊದಲು ನನ್ನ ತವರಿನ ಬಗ್ಗೆ ಗಾಬರಿಯಾಯಿತು. ನನ್ನ ಕಣ್ಣು ಎಲ್ಲಿದೆಯೆಂದು ತಿಳಿದ ಮೇಲೆ ಅವರ ಮುಖ ಸಣ್ಣದಾಯಿತು. ಆಗಿದ್ದಿಷ್ಟು. ನಾನು ಹೋದ ವಾರದಲ್ಲೇ, ಹುಣ್ಣಿಮೆಗೆ, ಚಂದ್ರಗ್ರಹಣ ಹಿಡಿದಿತ್ತು. ಗ್ರಹಣ ಬಿಟ್ಟ ಮೇಲೆ ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಿ ಹೊಸ ನೀರು ತುಂಬುವುದು ಆ ಮನೆಯಲ್ಲಿ ತಪ್ಪದ ಪದ್ಧತಿ. ಬಿಂದಿಗೆ, ಹಂಡೆ, ತಂಬಿಗೆ ಎಲ್ಲ ಮುಗಿದ ಮೇಲೆ ಅತ್ತೆಯ ಕಣ್ಣು ತೊಟ್ಟಿಯ ಮೇಲೆ ಬಿದ್ದಿತ್ತು. ಅದೂ ತುಂಬಿಟ್ಟ ನೀರೇ ತಾನೆ? ಮೀನುಗಳನ್ನು ಹಿತ್ತಿಲಿನ ಕಲ್ಲುಬಾನಿಯ ಹೊಸ ನೀರಿಗೆ ಬಿಟ್ಟು, ಚೊಂಬಿನಿಂದ ತೊಟ್ಟಿಯ ನೀರನ್ನೆಲ್ಲ ತೋಡಿ ಚೆಲ್ಲಿದ್ದರು. ಗಂಡ ಬೇಡವೆನ್ನುವ ಧೈರ್ಯ ಮಾಡಲಿಲ್ಲ, ನನಗೆ ಹೇಳುವ ಧೈರ್ಯವನ್ನೂ ಮಾಡಲಿಲ್ಲ.

"ಮತ್ತೆ ನೀರು ತುಂಬೋಣ ಅಂತಲೇ ಇದ್ದೆ ಕಣಮ್ಮ," ಎಂದರು ಅತ್ತೆ. "ಅಷ್ಟರಲ್ಲಿ ನಿನ್ನ ಹುಲ್ಲು ನೋಡ್ದೆ. ಯಾವತ್ತೂ ತೇಲ್ತಿದ್ದದ್ದು, ಅವತ್ತು ಮಣ್ಣಿಗೆ ಅಂಟ್ಕೊಂಡು ಮಲಗಿತ್ತು. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ."

ಹಾಗೆ ಹೇಳಿ ಪ್ಲಾಸ್ಟಿಕ್ ಹಾಳೆಯನ್ನು ಒಂದು ತುದಿಯಿಂದ ಸುಲಿದರು. ಹಸಿಮಣ್ಣಿನ ವಾಸನೆ ಮುಖಕ್ಕೆ ಹೊಡೆಯಿತು. ನಾನು ಬಗ್ಗಿ ನೋಡಿದೆ. ತೊಟ್ಟಿಯ ತಳದಲ್ಲಿ ಗೋಡೆಯಿಂದ ಗೋಡೆಗೆ ಹಸಿರು ಹಬ್ಬಿತ್ತು. ಎಳೆಯ ಪಕ್ಕ ಎಳೆ, ಎಲೆಯ ಮೇಲೆ ಎಲೆ, ನಡುವೆ ಮಣ್ಣು ಕಾಣದಷ್ಟು. ಬೆರಳಿಟ್ಟರೆ ಹೊಸ ಕಂಬಳಿಯ ಹಾಗೆ ಒತ್ತಾಗಿತ್ತು. ಒಂದು ಎಳೆ ಹಿಡಿದು ಮೆಲ್ಲಗೆ ಎಳೆದೆ, ಅದು ಬರಲಿಲ್ಲ. ಅಳು ನಿಲ್ಲಿಸುವುದೋ ಮುಂದುವರಿಸುವುದೋ ತಿಳಿಯದೆ ನಾನು ಎರಡನ್ನೂ ಮಾಡಿದೆ.

ಅತ್ತೆ ಮಾಡಿದ್ದು ಅವರಿಗೆ ಗೊತ್ತಿದ್ದ ಒಂದೇ ರೀತಿ. ಪ್ರತಿ ನವರಾತ್ರಿಗೂ ಗೊಂಬೆಗಳ ಮುಂದೆ ಉದ್ಯಾನ ಮಾಡಲು ಅವರು ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಮೊಳಕೆ ಬೆಳೆಸುತ್ತಿದ್ದರು. ಮುಚ್ಚಿಡುವುದು, ಬೆಳಿಗ್ಗೆ ಸಂಜೆ ಬೆರಳಲ್ಲಿ ನೀರು ಚಿಮುಕಿಸುವುದು, ನಿಂತ ನೀರು ಇರದಂತೆ ನೋಡಿಕೊಳ್ಳುವುದು, ಕಿಟಕಿಯ ಬೆಳಕು ಬೀಳಿಸುವುದು. ಅದೇ ಉಪಚಾರವನ್ನು ನನ್ನ ಹುಲ್ಲಿಗೂ ಮಾಡಿದ್ದರು. ಮುಳುಗಿಸಿದರೆ ಮಾತ್ರ ಬೆಳೆಯುತ್ತದೆಂದು ನಾನು ಹಟ ಹಿಡಿದಿದ್ದ ಗಿಡಕ್ಕೆ ಮೊದಲು ಬೇಕಾಗಿದ್ದದ್ದು ತುಸು ತೇವ ಮತ್ತು ಬೇಕಾದಷ್ಟು ಪುರುಸೊತ್ತು.

ನೀರು ತುಂಬುವ ದಿನ ನನಗಿಂತ ಅವರಿಗೇ ಹೆಚ್ಚು ಸಡಗರ. ಮಣ್ಣು ಕದಡಬಾರದೆಂದು ಹುಲ್ಲಿನ ಮೇಲೆ ಬಾಳೆಲೆಯ ತುಂಡು ಹಾಸಿ, ಅದರ ಮೇಲೆ ಚೊಂಬಿನಿಂದ ಸಣ್ಣಗೆ ಹೊಯ್ದರು. ಬಾನಿಯಲ್ಲಿ ಸೊಳ್ಳೆಮರಿ ತಿಂದು ಕೊಬ್ಬಿದ್ದ ಮೀನುಗಳು ಆಮೇಲೆ ಹೊಸ ಹುಲ್ಲುಗಾವಲಿಗೆ ಇಳಿದವು. ಆದರೂ ನನಗೆ ಹುಲ್ಲಿನ ಮೇಲೆ ನಂಬಿಕೆ ಬಂದಿರಲಿಲ್ಲ. ಮರುದಿನ ಎದ್ದವಳು ಕಣ್ಣು ಅರ್ಧ ಮುಚ್ಚಿಕೊಂಡೇ ಮೂಲೆಗೆ ನಡೆದೆ. ಅತ್ತೆ ನನಗಿಂತ ಮೊದಲೇ ಬಂದು ನಿಂತಿದ್ದರು. ನೀರಿನ ಮೇಲೆ ಒಂದು ಎಲೆಯೂ ತೇಲುತ್ತಿರಲಿಲ್ಲ.

ಮುಂದಿನ ತಿಂಗಳುಗಳು ಹೇಗೆ ಕಳೆದವೋ. ಹುಲ್ಲು ದಟ್ಟವಾದಾಗ ನಾನು ಕತ್ತರಿಯಲ್ಲಿ ತಲೆ ಕತ್ತರಿಸುತ್ತಿದ್ದೆ, ತೇಲಿಬಂದ ಚೂರುಗಳನ್ನು ಅತ್ತೆ ಟೀ ಸೋಸುವ ಜರಡಿಯಲ್ಲಿ ಹಿಡಿಯುತ್ತಿದ್ದರು. ಯಾವ ಕಡೆ ಎಷ್ಟು ಕತ್ತರಿಸಬೇಕೆಂದು ನಮ್ಮಿಬ್ಬರಿಗೂ ಜಗಳವಾಗುತ್ತಿತ್ತು, ಅಂಥ ಜಗಳದಲ್ಲಿ ಎಂಥ ಸುಖವಿತ್ತು. ಮೂಲೆಯ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಅವರು ಮರೆತಿರಬಹುದೆಂದು ನಾನು ನಂಬಲು ನೋಡಿದೆ. ಆದರೆ ತುಂಗಮ್ಮನವರು ಮರೆತದ್ದು ಎಂದಾದರೂ ಇತ್ತೇ?

ಆ ವರ್ಷ ನವರಾತ್ರಿಯ ಹಿಂದಿನ ದಿನ, ಅಮಾವಾಸ್ಯೆಗೆ, ಸೂರ್ಯಗ್ರಹಣ ಬಿತ್ತು. ಗೊಂಬೆ ಕೂರಿಸಲು ನೆರವಾಗಲೆಂದು ಗಂಡನ ಸೋದರತ್ತೆ ಸುಂದರತ್ತೆ ಎರಡು ದಿನ ಮುಂಚೆಯೇ ಬಂದಿಳಿದಿದ್ದರು. ಪದ್ಧತಿಯ ವಿಷಯದಲ್ಲಿ ಅತ್ತೆಯೇ ಅವರ ಮುಂದೆ ಸ್ವಲ್ಪ ಮೆತ್ತಗೆ. ಬೆಳಿಗ್ಗೆಯೇ ಸುಂದರತ್ತೆ ದರ್ಭೆಯ ಕಟ್ಟು ಹಿಡಿದು, ಉಪ್ಪಿನಕಾಯಿ ಜಾಡಿ, ತುಪ್ಪದ ಡಬ್ಬಿಗಳಿಗೆಲ್ಲ ಒಂದೊಂದು ಕಡ್ಡಿ ಹಾಕುತ್ತಾ ನಡುಮನೆಗೆ ಬಂದರು. ತೊಟ್ಟಿಯ ಮುಂದೆ ನಿಂತರು.

ಗ್ರಹಣ ಬಿಟ್ಟ ಮೇಲೆ ಇದನ್ನು ಚೆಲ್ಲಲೇಬೇಕು, ಹೇಗೂ ಗೊಂಬೆಗೆ ಜಾಗ ಬೇಕು, ಖಾಲಿ ಮಾಡಿದ ಕೈಯಲ್ಲೇ ಹಿತ್ತಿಲಿಗೆ ಎತ್ತಿಸಿಬಿಡಿ ಎಂದು ಅವರು ಒಂದೇ ಉಸಿರಿನಲ್ಲಿ ತೀರ್ಪು ಕೊಟ್ಟರು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಹೊಸ ಸೊಸೆ ಹಿರಿಯರಿಗೆ ಎದುರಾಡುವ ಮನೆ ಅದಲ್ಲ. ಗಂಡ ಆಗಲೇ ಪೇಪರಿನ ಹಿಂದೆ ಮರೆಯಾಗಿದ್ದರು. ನಾನು ಅತ್ತೆಯ ಮುಖವನ್ನೇ ನೋಡಿದೆ. ಅವರು ಹೂವಿನ ಬುಟ್ಟಿ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಸಾವಕಾಶವಾಗಿ ಎದ್ದು ಬಂದರು.

"ಸುಂದರಾ," ಎಂದರು, "ಗ್ರಹಣ ಬಂತು ಅಂತ ಯಾರಾದ್ರೂ ಕೆರೆ ನೀರು ಚೆಲ್ತಾರೇನೆ?"

"ಇದು ಕೆರೆನಾ ಅತ್ತಿಗೆ?"

"ತಳದಲ್ಲಿ ಹುಲ್ಲು ಬೇರುಬಿಟ್ಟಿದೆ, ಮೀನು ಮರಿ ಹಾಕಿದೆ. ಕೆರೆ ಅಲ್ದೆ ಇನ್ನೇನು? ಕೊಡದ ನೀರಿಗೆ ಚೆಲ್ಲೋ ಶಾಸ್ತ್ರ, ಕೆರೆಗಿಲ್ಲ."

ಸುಂದರತ್ತೆ ದರ್ಭೆಯ ಕಡ್ಡಿಯನ್ನು ತಿರುಗಿಸುತ್ತಾ ಯೋಚಿಸಿದರು. ಶಾಸ್ತ್ರಕ್ಕೆ ಶಾಸ್ತ್ರವೇ ಅಡ್ಡ ಬಂದಿತ್ತು. ಹಾಗಾದರೆ ಗೊಂಬೆ ಎಲ್ಲಿ ಕೂರಿಸುತ್ತೀರಿ ಎಂದಷ್ಟೇ ಕೇಳಿದರು.

"ಕೆರೇನ ಎತ್ತಿಡೋಕಾಗಲ್ಲ," ಎಂದರು ಅತ್ತೆ. "ಗೊಂಬೆಗಳೇ ದಂಡೆಗೆ ಬಂದು ಕೂತ್ಕೋತವೆ. ಏನಮ್ಮ, ನಿನ್ನ ಕೆರೆ, ನೀನು ಹೇಳು. ಮೆಟ್ಟಿಲು ಎಡಕ್ಕೆ ಹಾಕೋಣ್ವಾ, ಬಲಕ್ಕಾ?"

ಆ ಮನೆಯಲ್ಲಿ ಒಂದು ವಸ್ತುವಿನ ಜಾಗವನ್ನು ನನ್ನನ್ನು ಕೇಳಿ ಗೊತ್ತುಮಾಡಿದ್ದು ಅದೇ ಮೊದಲು. ಎಡಕ್ಕೆ ಎಂದೆ. ಬಲಕ್ಕೆ ಇಟ್ಟರೆ ಕಿಟಕಿಯ ಬೆಳಕಿಗೆ ಅಡ್ಡವಾಗುತ್ತಿತ್ತು.

ಗ್ರಹಣ ಕವಿದಾಗ ನಡುಮನೆ ಮಬ್ಬಾಯಿತು. ಮೀನುಗಳು ಸಂಜೆಯಾಯಿತೆಂದು ತಿಳಿದು ಹುಲ್ಲಿನ ಹತ್ತಿರಕ್ಕೆ ಇಳಿದು ಸುಮ್ಮನೆ ನಿಂತವು. ಗ್ರಹಣ ಬಿಟ್ಟ ಮೇಲೆ ನಾವು ಸ್ನಾನ ಮಾಡಿ, ಮನೆಯ ಬಿಂದಿಗೆ ಬೋಗುಣಿಗಳನ್ನೆಲ್ಲ ಬರಿದು ಮಾಡಿದೆವು. ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ನಾನೂ ಅತ್ತೆಯೂ ತೊಟ್ಟಿಯ ಮುಂದೆ ನೆಲದ ಮೇಲೆ ಕುಳಿತೆವು. ಹೊಸ ಬಿಸಿಲು ಕಿಟಕಿ ದಾಟಿ ನೀರಿನ ತಳ ಮುಟ್ಟಿತು. ಸ್ವಲ್ಪ ಹೊತ್ತಿಗೆ ಎಲೆಗಳ ತುದಿಯಲ್ಲಿ ಗಾಳಿಯ ಸಣ್ಣ ಗುಳ್ಳೆಗಳು ಕೂಡಿಕೊಂಡವು. ಒಂದು ಬಿಡಿಸಿಕೊಂಡು ಮೇಲಕ್ಕೆ ಬಂತು, ಅದರ ಹಿಂದೆಯೇ ಇನ್ನೊಂದು.