ಒಂದು ಬೆರಳು ಹೆಚ್ಚು

ಮೊಳೆಯ ತುದಿಗೆ ಹತ್ತಿ ನಿಂತ ಕೆಂಪಿರುವೆ ಮುಂದೆ ದಾರಿ ಕಾಣದೆ ಮೀಸೆ ಆಡಿಸುತ್ತದೆ, ಇಳಿಯುತ್ತದೆ, ಪಕ್ಕದ ಮೊಳೆಗೆ ಹತ್ತುತ್ತದೆ, ಒಂದೊಂದು ಶೂವಿಗೆ ಆರು ಮೊಳೆ, ಎಷ್ಟು ಹತ್ತಿದರೂ ಅಷ್ಟೇ ಮಾರಾಯ್ತಿ, ಎಂದು ಗುಣವತಿ ಇರುವೆಗೆ ಹೇಳಿದಳೋ ತನಗೇ ಹೇಳಿಕೊಂಡಳೋ — ಮಣಿಪಾಲದ ಮೈದಾನದ ಕೆಂಪು ಧೂಳು, ಮೈಕಿನಲ್ಲಿ ಯಾರದೋ ಕೆಮ್ಮು, ಹುಡುಗಿಯರ ನೂರು ಮೀಟರ್ ಫೈನಲಿಗೆ ಇನ್ನು ಹತ್ತೇ ನಿಮಿಷ, ಅವಳ ಮುಂದೆ ಎರಡು ಜೊತೆ ಸ್ಪೈಕ್ಸ್, ಓಟದ ಮೊಳೆ ಶೂ. ಒಂದು ಅವಳದೇ, ಬೊಂಬಾಯಿಯ ಭೋಜಮಾವ ಕಳಿಸಿದ್ದು, ನಿನ್ನೆ ಸಂಜೆಯಷ್ಟೇ ಕಾಪುವಿನ ಮನೆಗೆ ಬಂದದ್ದು, ಹೊಸ ಚರ್ಮದ ಘಮ, ಆದರೆ ಒಂದು ಬೆರಳು ಉದ್ದ. ಇನ್ನೊಂದು ಕಾರ್ಕಳದ ಸೆಲೀನ್‌ದು, ಬೆಳಿಗ್ಗೆ ಸೆಮಿಫೈನಲಿನಲ್ಲಿ ಸೋತು ಬಂದವಳೇ ಬಿಚ್ಚಿ ಮುಂದಿಟ್ಟಳು, ಹಾಕು, ನನಗೆ ಇನ್ನು ಎಂತಕ್ಕೆ, ಇಬ್ಬರ ಕಾಲೂ ಒಂದೇ ಅಲ್ವಾ — ಒಂದೇ ಹೌದು, ಹಾಕಿ ನೋಡಿಯೂ ಆಯಿತು, ಚರ್ಮದ ಮೇಲೆ ಚರ್ಮ ಕೂತ ಹಾಗೆ. ಬರಿಗಾಲು ಇನ್ನಾಗದು, ಬೆಳಗಿನ ಓಟಕ್ಕೇ ಹೆಬ್ಬೆರಳು ಸುಲಿದು ಹೋಗಿದೆ, ಮುರಕಲ್ಲಿನ ಒರಟು ನೆಲ ಕಾಪುವಿನ ಕಡಲ ಮರಳಲ್ಲ. ಎಂತ ಗುಣವತಿ, ಇನ್ನೂ ಕಾಲು ನೋಡಿಕೊಂಡು ಕೂತದ್ದಾ, ಓಟ ಕಲಿಸುವ ಸರ್ವೋತ್ತಮ ಮಾಸ್ಟ್ರು ದೂರದಿಂದಲೇ ಕೂಗಿದರು, ಸ್ಪೈಕ್ಸ್ ಸಡಿಲ ಇದ್ದರೆ ಕಾಲು ಒಳಗೆ ಓಡ್ತದೆ, ನೀನು ಅಲ್ಲೇ ಉಳೀತಿ, ಬಿಗಿ ಇದ್ದದ್ದು ಹಾಕು. ಮೊದಲ ಇಬ್ಬರಿಗೆ ಬೆಂಗಳೂರಿನ ರಾಜ್ಯಮಟ್ಟದ ಓಟ, ಬೆಂಗಳೂರಿಗೆ ಹೋದವರಿಗೆ ಉಡುಪಿಯ ಕಾಲೇಜಿನಲ್ಲಿ ಸೀಟು, ಮಾಸ್ಟ್ರು ಮಾತಾಡಿಟ್ಟಿದ್ದಾರೆ. ಮೂರನೆಯವಳಿಗೆ ಒಂದು ಸ್ಟೀಲ್ ಲೋಟ, ಮತ್ತೆ ಮನೆಗೆ ಹೋಗಿ ಮೊರ ಮಡಿಲಲ್ಲಿಟ್ಟು ಅಮ್ಮನ ಪಕ್ಕ ಬೀಡಿ ಕಟ್ಟುವುದು. ಇಷ್ಟಕ್ಕೆ ಇಷ್ಟು ಅಳೆದೂ ಸುರಿದೂ ಮಾಡಲಿಕ್ಕೆ ಎಂತ ಉಂಟು, ಸೆಲೀನ್‌ದು ಹಾಕಿದರೆ ಮುಗಿಯಿತು. ಆದರೆ ಕೈ ಹೋಗುವುದು ಭೋಜಮಾವನ ಶೂವಿನ ಒಳಗೆ, ಕೈಗೆ ಸಿಗುವುದು ಆ ಕಡ್ಡಿ.

ಅಂಗಳ ಗುಡಿಸುವ ಹಿಡಿಸೂಡಿಯ ಕಡ್ಡಿ, ತೆಂಗಿನಗರಿಯದು, ಕಾಲಿನ ಅಳತೆಗೆಂದು ಅಮ್ಮ ಮುರಿದು ಬೊಂಬಾಯಿಗೆ ಕಳಿಸಿದ್ದು. ಅಕ್ಕ ಕಳಿಸಿದ ಕಡ್ಡಿಯನ್ನು ಒಳಗಿಟ್ಟು ನೋಡಿಯೇ ಶೂ ತೆಗೆದುಕೊಂಡದ್ದು, ಕೂದಲೆಳೆಯ ವ್ಯತ್ಯಾಸ ಇಲ್ಲ ಎಂದು ಮಾವ ಬರೆದಿದ್ದಾರೆ, ಕಡ್ಡಿಯನ್ನು ಹಾಗೇ ವಾಪಸು ಇಟ್ಟಿದ್ದಾರೆ. ಶೂವಿಗೆ ಸರಿ, ಕಾಲಿಗೆ ಒಂದು ಬೆರಳು ಹೆಚ್ಚು. ಬೆಳೆಯುವ ಕಾಲು ಅಂತ ಜಾಸ್ತಿ ಇಟ್ಟಿರಬೇಕು, ಎಂದಳು ಸೆಲೀನ್. ಹದಿನೇಳು ತುಂಬಿದವಳ ಕಾಲು ಇನ್ನೆಷ್ಟು ಬೆಳೆದೀತು. ಅಮ್ಮನಿಗೆ ಅಳತೆ ತಪ್ಪುವುದೆಂದರೇನು, ದಿನಕ್ಕೆ ಸಾವಿರ ಬೀಡಿಎಲೆ ಕತ್ತರಿಸುವವಳು, ಒಂದರ ಮೇಲೊಂದು ಇಟ್ಟರೆ ಅಂಚು ಅಂಚಿಗೆ ಕೂರುತ್ತದೆ, ಅಂಥವಳಿಗೆ ಒಂದು ಬೆರಳು ತಪ್ಪುತ್ತದೆಯೇ? ತಪ್ಪಲಿಲ್ಲ ಎಂದಾದರೆ — ಬೇಡ, ಹಾಗೆ ಯೋಚಿಸಬಾರದು, ಯೋಚಿಸಿಯೂ ಆಯಿತು — ಸೋಲಲಿ ಎಂದೇ ಉದ್ದ ಮುರಿದಳೇ? ದೀಪಾವಳಿಯ ಮರುದಿನ ಹೇಳಿದ್ದು ಅವಳೇ ತಾನೆ, ತೊಡೆ ಕಾಣುವ ಚಡ್ಡಿ ಹಾಕಿ ಊರವರ ಎದುರು ಓಡ್ತಿಯಾ, ಓಡು, ನಾನಂತೂ ನೋಡ್ಲಿಕ್ಕೆ ಬರುವುದಿಲ್ಲ, ಅಲ್ಲಿಂದ ಮಾತೇ ಇಲ್ಲ, ಊಟಕ್ಕೆ ಕರೆಯುವುದೂ ಬಟ್ಟಲು ಕುಟ್ಟಿ. ನಿನ್ನೆಯೂ ಶೂವಿನ ಪೆಟ್ಟಿಗೆಯನ್ನು ಬಟ್ಟಲಿನ ಪಕ್ಕ ಇಟ್ಟು ಒಳಗೆ ಹೋದಳು, ಕಾಲಿಗೆ ಆಯಿತಾ ಎಂದು ಕೇಳಲಿಲ್ಲ, ದೊಡ್ಡದಾಯಿತು ಎಂದು ಇವಳೂ ಹೇಳಲಿಲ್ಲ, ತಾಯಿಯಂತೆ ಮಗಳು ನೂಲಿನಂತೆ ಸೀರೆ. ಅಮ್ಮನ ಮೇಲೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು.

ಮೈಕಿನವ ಹೆಸರು ಕರೆಯುತ್ತಿದ್ದಾನೆ, ಪಡುಬಿದ್ರಿಯ ಯಾರೋ, ಹೆಬ್ರಿಯ ಯಾರೋ, ಸೆಲೀನ್‌ಳ ಶೂವಿಗೆ ಬಲಗಾಲು ತೂರಿಸಿದಳು, ಆ ಕಡ್ಡಿಯನ್ನು ಎಸೆಯಬೇಕು, ಎರಡು ತುಂಡು ಮಾಡಿ ಎಸೆಯಬೇಕು, ಬಾಗಿಸಿದಳು, ಅಮ್ಮ ಮುರಿದಿದ್ದ ತುದಿಯ ಸೀಳಿನಿಂದ ಏನೋ ಉದುರಿತು, ಉಗುರಿನಲ್ಲಿ ಕೆರೆದು ನೋಡಿದರೆ ಮರಳು. ಮನೆಯ ಅಂಗಳದಲ್ಲಿ ಮರಳೆಲ್ಲಿ, ಸಗಣಿ ಸಾರಿಸಿದ ನೆಲ. ಅಳತೆ ತೆಗೆದದ್ದು ಯಾವಾಗ? ಅಮ್ಮ ಇವಳ ಕಾಲು ಮುಟ್ಟಿಯೇ ಇಲ್ಲವಲ್ಲ, ಮಾತೇ ಇಲ್ಲದವಳು ಕಾಲು ಕೊಡು ಎಂದು ಕೇಳುವುದು ಹೇಗೆ — ಒಂದು ಬೆಳಿಗ್ಗೆ ಅಮ್ಮನ ಸೀರೆಯ ಅಂಚು ಒದ್ದೆ, ಬಾವಿಕಟ್ಟೆಯಲ್ಲಿ ನೀರು ಚೆಲ್ಲಿತು ಎಂದಳು ಗೋಡೆಗೆ ಹೇಳಿದ ಹಾಗೆ, ಅಂಚಿನಲ್ಲಿ ಮರಳು ಹೊಳೆಯುತ್ತಿತ್ತು, ಇವಳು ನೋಡಿಯೂ ನೋಡಲಿಲ್ಲ. ಬಂದಿದ್ದಳು, ಮಗಳು ದಿನಾ ಓಡುವ ಕಡಲಿಗೆ. ದೀಪಸ್ತಂಭದ ಬಂಡೆಯ ಮರೆಯಲ್ಲಿ ನಿಂತು, ಮಗಳು ಅಲೆಯ ಅಂಚಿನಲ್ಲಿ ಓಡಿ ಓಡಿ ಮನೆಗೆ ಹೋಗುವವರೆಗೆ ಕಾದು, ಆಮೇಲೆ ಇಳಿದು ಬಂದು, ಬಗ್ಗಿ — ಓಡುವ ಕಾಲು ಮರಳಿನಲ್ಲಿ ಜಾರುತ್ತದೆ ಅಮ್ಮ, ಹೆಜ್ಜೆಯ ಗುರುತು ಒಂದು ಬೆರಳು ಉದ್ದ ಬೀಳುತ್ತದೆ, ನಿನಗೆ ಹೇಗೆ ಗೊತ್ತಿರಬೇಕು, ನಿನ್ನ ಅಳತೆ ತಪ್ಪಲಿಲ್ಲ, ಅದು ನನ್ನದೇ ಹೆಜ್ಜೆ. ಯಾವುದು ಈಗ ಸರಿ, ನಿಂತ ಕಾಲಿನ ಅಳತೆಯೋ ಓಡಿದ ಕಾಲಿನದೋ? ಬೆರಳುಗಳು ಆಗಲೇ ಸೆಲೀನ್‌ಳ ಶೂ ಬಿಚ್ಚುತ್ತಿವೆ, ಹುಚ್ಚಾ ನಿನಗೆ, ಬೀಳ್ತಿ ಮಾರಾಯ್ತಿ, ಎಂದಳು ಸೆಲೀನ್, ನಿನ್ನ ಕರ್ಚೀಫು ಕೊಡು, ಇನ್ನೊಂದು ಉಂಟಾ, ಎಂದು ಇವಳು, ಎರಡನ್ನೂ ಮಾವನ ಶೂಗಳ ಮುಂದಕ್ಕೆ ತುರುಕಿ ಲೇಸನ್ನು ಪಾದದಡಿಯಿಂದ ಸುತ್ತಿ ಎಳೆದು ಕಟ್ಟಿದಳು. ಬಿದ್ದರೆ? ಬಿದ್ದರೆ ಸೀಟು ಹೋಯಿತು, ಗೆದ್ದರೆ — ಮಾಸ್ಟ್ರು ತಲೆ ಮೇಲೆ ಕೈ ಹೊತ್ತು ನಿಂತಿದ್ದಾರೆ, ಆನ್ ಯುವರ್ ಮಾರ್ಕ್ಸ್, ಮಂಡಿ ನೆಲಕ್ಕೆ, ಬೆರಳು ಸುಣ್ಣದ ಗೆರೆಗೆ, ಇಲ್ಲಿ ಧೂಳು, ಅಲ್ಲಿ ಒದ್ದೆ ಮರಳು, ಸೆಟ್, ಅಮ್ಮ ಬಗ್ಗಿದ್ದಾಳೆ, ಅಲೆ ಬರುತ್ತಿದೆ, ಒದ್ದೆ ಮರಳಿನಲ್ಲಿ ಒಂದು ಹೆಜ್ಜೆ, ಹೆಜ್ಜೆಯೊಳಗೆ ಒಂದು ಕಡ್ಡಿ, ಹೆಜ್ಜೆಯೊಳಗೆ ಒಂದು ಕಡ್ಡಿ