ಹಾಲವಾಣದ ಹಲಗೆ

ತೊಟ್ಟಿಲಿನ ತಳದ ಹಲಗೆಯನ್ನು ಸೋಮೇಶ ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಗಂಟಿಲ್ಲ, ಸೀಳಿಲ್ಲ, ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಹಗುರ ಹಾಲವಾಣದ ಮರ. ಲಕ್ಷ್ಮೇಶ್ವರದ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕನಾದ ಅವನು ಗದಗಿನ ಪ್ರದರ್ಶನಕ್ಕೆ ಪುಟ್ಟ ಹಾಯಿದೋಣಿ ಮಾಡಲೆಂದು ಎರಡು ತಿಂಗಳಿಂದ ಕಟ್ಟಿಗೆ ಹುಡುಕುತ್ತಿದ್ದ. ಸಾಗವಾನಿ ಭಾರವಾಗಿತ್ತು, ಬೇವು ಬಿರಿದಿತ್ತು, ಮಾವು ನೀರು ಕುಡಿದು ಉಬ್ಬಿತ್ತು. ಇವತ್ತು ಪಕ್ಕದ ಮನೆಯ ಅಮೃತವ್ವನಿಗೆ ಹಂಡೆ ಇಳಿಸಿಕೊಡಲು ಅಟ್ಟ ಹತ್ತಿದ್ದ.

"ಆಯಿ, ಈ ತೊಟ್ಟಿಲಾ ನನಗ ಕೊಡ್ತೀರೇನ್ರಿ?"

ಕೆಳಗೆ ಏಣಿ ಹಿಡಿದು ನಿಂತಿದ್ದ ಮುದುಕಿಯ ಮುಖ ಅರಳಿತು. "ರೋಜಾ ಬಸರಾಗ್ಯಾಳೇನೋ ತಮ್ಮಾ?"

ಅವನಿಗೂ ರೋಜಾಳಿಗೂ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆದ. ಅಂಗೈ ಇನ್ನೂ ಹಲಗೆಯ ಮೇಲೇ ಇತ್ತು.

"ಯಾರ ಮುಂದೂ ಹೇಳಬ್ಯಾಡ್ರಿ," ಎಂದುಬಿಟ್ಟ.

"ನಾ ಯಾಕ ಹೇಳ್ಲಿ? ಒಯ್ಯಿ. ನನ್ನ ಮೂರೂ ಮಕ್ಕಳು ಇದರಾಗ ಮಲಗ್ಯಾವು."

ಆ ವಾರವೇ ತೊಟ್ಟಿಲನ್ನು ಶಾಲೆಗೆ ಒಯ್ದು ಕೊಯ್ದ. ಗರಗಸ ಸಲೀಸಾಗಿ ಇಳಿಯಿತು. ಕಟ್ಟಿಗೆ ಎಲ್ಲಿಯದೆಂದು ಹೆಂಡತಿ ಕೇಳಿದರೆ, "ಗುಜರಿಯಾಗ ಸಿಕ್ತು," ಎಂದ. ಅಮೃತವ್ವ ಬಾಗಿಲಲ್ಲಿ ಕೂತು ದಿನಾ ಏನೋ ಹೊಲಿಯುತ್ತಿದ್ದಳು. ಅವನು ಹಿಂದಿನ ಓಣಿಯಿಂದ ಶಾಲೆಗೆ ಹೋಗತೊಡಗಿದ.

ಒಂದು ಭಾನುವಾರ ಮುದುಕಿಯೇ ಮನೆಗೆ ಬಂದಳು. ಬಣ್ಣ ಹಚ್ಚಿದ ದೋಣಿ ಮೇಜಿನ ಮೇಲೆ ಒಣಗುತ್ತಿತ್ತು. ಅವಳು ರೋಜಾಳ ಕೈಗೆ ಮೊಳದುದ್ದದ ಕೌದಿಯೊಂದನ್ನು ಇಟ್ಟಳು.

"ಕೂಸಿಗೆ ಮೆತ್ತಗಿರ್ಲಿ ಅಂತ ನನ್ನ ಹಳೇ ಸೀರಿ ಹಾಕಿ ಹೊಲದೇನವ್ವಾ. ಇಂವ ಹೇಳಬ್ಯಾಡ ಅಂದಿದ್ದ. ನಿನ್ನ ಮುಂದ ಎಂಥಾ ಗುಟ್ಟು?"

ರೋಜಾ ಗಂಡನನ್ನು ನೋಡಿದಳು. ಸೋಮೇಶ ಮೇಜಿನ ಕಡೆ ಕೈ ತೋರಿಸಿದ.

"ಆಯಿ, ನಾ ಅವತ್ತ ಸುಳ್ಳ ಹೇಳಿದ್ದೆರಿ. ಆಕಿಗೆ ಏನೂ ಇಲ್ಲ. ತೊಟ್ಟಿಲಾ ಕೊಯ್ದು... ಇದನ್ನ ಮಾಡೇನಿ."

ಅಮೃತವ್ವ ದೋಣಿಯನ್ನು ಬಹಳ ಹೊತ್ತು ನೋಡಿದಳು, ಮುಟ್ಟಲಿಲ್ಲ. "ಕಟ್ಟಿಗಿ ಬೇಕಾಗಿದ್ರ ಕಟ್ಟಿಗಿ ಬೇಕು ಅನಬೇಕಿತ್ತಪಾ," ಎಂದಳು. "ಆಗೂ ಕೊಡ್ತಿದ್ದೆ."

ಕೌದಿಗೆ ಅವಳು ಕೈ ಚಾಚಿದಳು. ರೋಜಾ ಬಿಡಲಿಲ್ಲ.

"ಇರಲಿ ಬಿಡ್ರಿ ಆಯಿ. ಬರ್ರಿ, ಮನಿ ತನಕ ಬಿಟ್ಟು ಬರ್ತೀನಿ."

ಇಬ್ಬರೂ ಹೊರಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಸೋಮೇಶ ಕಿಟಕಿಗೆ ಬಂದ. ಅಮೃತವ್ವನ ಮನೆಯ ಕಟ್ಟೆಯ ಮೇಲೆ ಅವರಿಬ್ಬರೂ ಕೂತಿದ್ದರು, ಕೌದಿ ಇಬ್ಬರ ತೊಡೆಯ ಮೇಲೂ ಹರಡಿತ್ತು. ರೋಜಾಳ ತೋರುಬೆರಳು ಅದರ ಹೊಲಿಗೆಯ ಗುಂಟ ನಿಧಾನವಾಗಿ ಸಾಗುತ್ತಿತ್ತು.