ತಿರುಗಿ ಬಂದ ಅಕ್ಕಿ

ವಿಶ್ವರಾಧ್ಯ ಸಾಹುಕಾರರ ಅಕ್ಕಿ ಗಿರಣಿಯಲ್ಲಿ ಲ್ಯಾಬ್ ಅಂದರೆ ಒಂದು ಮೇಜು, ತೇವ ಅಳೆಯುವ ಒಂದು ಯಂತ್ರ, ಮತ್ತೆ ಹುಮೇರಾ. ಗಿರಣಿ ಇದ್ದದ್ದು ಶಹಾಪುರದಿಂದ ಯಾದಗಿರಿಗೆ ಹೋಗುವ ರಸ್ತೆಯಲ್ಲಿ. ಸುರಪುರದ ರಂಗಂಪೇಟೆಯಿಂದ ಏಳೂವರೆಯ ಬಸ್ಸು ಹಿಡಿದು ಅವಳು ದಿನಾ ಬರುತ್ತಿದ್ದಳು. ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿ ನಾಲ್ಕು ವರ್ಷ ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿ ಬೇಸತ್ತವಳಿಗೆ ಈ ನೌಕರಿ ಸಿಕ್ಕಾಗ ತಾಯಿ ಗೌಹರಬೇಗಂ ಮನೆಮನೆಗೆ ಸಕ್ಕರೆ ಹಂಚಿದ್ದಳು. ಕೆಲಸವೇನೂ ದೊಡ್ಡದಲ್ಲ. ಅಕ್ಕಿಯಲ್ಲಿ ನುಚ್ಚು ಎಷ್ಟು, ತೇವ ಎಷ್ಟು ಎಂದು ನೋಡಿ ಬರೆದಿಡುವುದು. ಆದರೂ ಗಿರಣಿಯ ಹಮಾಲರು ಅವಳನ್ನು ಮೇಡಮ್ಮೋರೇ ಎಂದು ಕರೆಯುತ್ತಿದ್ದರು, ಅವಳಿಗೆ ಅದು ಹಿತವಾಗುತ್ತಿತ್ತು.

ಹೋದ ವರ್ಷ ಸಾಹುಕಾರರ ಸೋನಾ ಅಕ್ಕಿಗೆ ಹೊರದೇಶದ ಒಂದು ಕಂಪನಿಯಿಂದ ಬೇಡಿಕೆ ಬಂತು. ಅವರು ಖುಷಿಗೆ ಗಿರಣಿಯವರಿಗೆಲ್ಲ ಪೇಡೆ ಕೊಟ್ಟರು. ಕಂಪನಿಯವರದು ಒಂದೇ ಷರತ್ತು: ಅಕ್ಕಿಯಲ್ಲಿ ಬೆಳೆಗೆ ಹೊಡೆದ ಔಷಧದ ಅಂಶ ಉಳಿದಿಲ್ಲವೆಂದು ಹೈದರಾಬಾದಿನ ಒಂದು ಪ್ರಯೋಗಾಲಯದಿಂದ ಕಾಗದ ಬೇಕು. ಹುಮೇರಾ ರಾಶಿಯ ಚೀಲಗಳಿಂದ ಅಕ್ಕಿ ತೆಗೆದು ಪೊಟ್ಟಣ ಕಟ್ಟಿದಳು, ಅರಗು ಹಾಕಿದಳು. ‘ಈ ರಾಶಿಯಿಂದ ನಾನೇ ತೆಗೆದದ್ದು’ ಎಂಬ ಚೀಟಿಗೆ ಸಹಿ ಮಾಡಿ ಕಳಿಸಿದಳು. ಹನ್ನೆರಡನೆಯ ದಿನ ಉತ್ತರ ಬಂತು. ಭತ್ತದ ಬೆಂಕಿರೋಗಕ್ಕೆ ಹೊಡೆಯುವ ಔಷಧ ಅಕ್ಕಿಯಲ್ಲಿ ಉಳಿದಿತ್ತು. ಆ ದೇಶದವರು ಒಪ್ಪುವ ಮಿತಿಗಿಂತ ಹದಿನಾಲ್ಕು ಪಟ್ಟು ಹೆಚ್ಚು.

ಸಾಹುಕಾರರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಆ ರಾಶ್ಯಾಗ ಅರ್ಧಕ್ಕರ್ಧ ಲಿಂಗಣ್ಣನ ನೆಲ್ಲು. ಅಂವ ಏನ್ ಹೊಡದಾನ, ಯಾವಾಗ ಹೊಡದಾನ, ಒಂದೀಟು ಕೇಳ್ಕೊಂಡ ಬಾರವ್ವ," ಅಂದರು.

ಲಿಂಗಣ್ಣನ ಊರು ಸುರಪುರದ ಆಚೆ, ಕಾಲುವೆಯ ಕೆಳಗೆ. ಹುಮೇರಾ ಹೋದಾಗ ಅವನು ಕಟ್ಟೆಯ ಮೇಲೆ ಕೂತು ಔಷಧ ಹೊಡೆಯುವ ಪಂಪಿನ ಮೂತಿಯನ್ನು ತಂತಿಯಿಂದ ಚುಚ್ಚಿ ಕೆರೆಯುತ್ತಿದ್ದ. ಕೇಳಿದ್ದಕ್ಕೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ. ಅಲ್ಲಿಯವರು ಆ ಔಷಧಕ್ಕೆ ಎಣ್ಣೆ ಅನ್ನುತ್ತಾರೆ.

"ಎಣ್ಣಿ ಹೊಡಿಲಾರ್ದ ನೆಲ್ಲು ಕೈಗಿ ಬರ್ತದೇನವ್ವಾ? ಕಾಳು ಹಾಲು ಕಟ್ಟೂ ಹೊತ್ತಿಗಿ ಬೆಂಕಿ ಬಿತ್ತು. ಅಂಗಡ್ಯಾಂವ ಹೊಡಿ ಅಂದ, ಹೊಡದೆ. ಕೊಯ್ಯಾಕ ಎಂಟ ದಿನ ಇದ್ದಾಗ ಮತ್ತೊಮ್ಮಿ ಹೊಡಿ ಅಂದ, ಹೊಡದೆ."

"ಹೊಡದ ಮ್ಯಾಲ ಇಷ್ಟ ದಿನ ಬಿಟ್ಟ ಕೊಯ್ಯಬೇಕಂತ ಡಬ್ಬಿ ಮ್ಯಾಲ ಬರದಿರ್ತಾರಲ್ರಿ, ಕಾಕಾ."

"ಇರಬಿ ಮೊಟ್ಟಿಯಷ್ಟ ಸಣ್ಣ ಅಕ್ಷರ ಅವು. ನನ್ನ ಕಣ್ಣಿಗಿ ಅಂಗಡ್ಯಾಂವನ ಬಾಯೇ ಡಬ್ಬಿ."

ಹೊತ್ತು ಮಧ್ಯಾಹ್ನವಾಗಿತ್ತು. ಲಿಂಗಣ್ಣನ ಹೆಂಡತಿ ಗೊಲ್ಲಾಳಮ್ಮ ಉಣ್ಣದೆ ಹೋಗಬಾರದೆಂದು ಕೈ ಹಿಡಿದು ಕೂಡಿಸಿ ಬಿಸಿ ಅನ್ನ, ಪುಂಡಿಪಲ್ಯ ಬಡಿಸಿದಳು. ತಾಟಿನ ಮುಂದೆ ಹುಮೇರಾಳ ಕೈ ತಡೆಯಿತು. ಗೊಲ್ಲಾಳಮ್ಮನಿಗೆ ಅದು ತಿಳಿದು ನಗು ಬಂತು.

"ಅಂಜಬ್ಯಾಡ ಯವ್ವಾ, ಉಣ್ಣು. ಇದು ಮನಿ ಅಕ್ಕಿ. ಭಾವಿ ಬಾಜೂಕಿನ ತುಂಡಿನ್ಯಾಗ ಬ್ಯಾರೆ ಬೆಳಿತೀವಿ. ಇದಕ್ಕ ಒಂದ ಹನಿ ಎಣ್ಣಿ ತಾಕಸಂಗಿಲ್ಲ."

ಅನ್ನ ರುಚಿಯಾಗಿತ್ತು. ಹುಮೇರಾ ಎರಡನೆಯ ಸಲವೂ ಹಾಕಿಸಿಕೊಂಡಳು. ಕೈ ತೊಳೆಯುವಾಗ ತಡೆಯಲಾರದೆ ಕೇಳಿದಳು: "ಹಂಗಾರ ಮಾರೂದಕ್ಕ ಹೊಡಿತೀರಿ, ಉಣ್ಣೂದಕ್ಕ ಹೊಡ್ಯಂಗಿಲ್ಲ?"

"ಗೊತ್ತಿದ್ದೂ ಗೊತ್ತಿದ್ದೂ ಮಕ್ಕಳಿಗಿ ಹೆಂಗ ಉಣಸೂದವ್ವಾ?" ಅಂದ ಲಿಂಗಣ್ಣ. ಆ ಮಾತಿನಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಒಬ್ಬ ತಂದೆ ಹೇಳಬೇಕಾದದ್ದನ್ನೇ ಹೇಳಿದಂತೆ ಹೇಳಿದ.

ಮರುದಿನ ಅವಳು ಇದೆಲ್ಲವನ್ನೂ ಹೇಳಿದಾಗ ಸಾಹುಕಾರರ ಮುಖ ಅರಳಿತು. ಆಗಲೇ ಅವಳಿಗೆ ಹೇಳಬಾರದಿತ್ತು ಅನಿಸಿತು.

"ಹಂಗಾರ ಕೆಲಸ ಆತಲ್ಲ! ಅವರ ಮನಿ ಅಕ್ಕಿ ಒಂದ ಚೀಲ ತರಸ್ತೀನಿ. ಅದರಾಗಿಂದ ಪೊಟ್ಣ ಕಟ್ಟಿ ಕಳಸು."

"ಅದು ಆ ರಾಶಿದಲ್ರಿ, ಸರ."

"ಲಿಂಗಣ್ಣನ ಹೊಲದ್ದು ಹೌದಿಲ್ಲ? ಸೋನಾನೇ ಹೌದಿಲ್ಲ? ಇದರಾಗ ಸುಳ್ಳೇನದ?" ಅವರು ತಾವೇ ಎದ್ದು ಅವಳ ಕಪ್ಪಿಗೆ ಚಹಾ ಬಗ್ಗಿಸಿದರು. "ನೋಡವ್ವ, ಈ ಮಾಲು ಹೋಗಲಿಲ್ಲಂದ್ರ ಗಿರಣಿ ಒಂದ ಪಾಳಿಗಿ ಇಳಿತದ. ಯಾರನ್ನ ಬಿಡಸಬೇಕಂತ ನೀನೇ ಹೇಳು."

ತನ್ನ ಹೆಸರು ಮೊದಲು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಚಹಾ ಕುಡಿದು, ಪೊಟ್ಟಣ ಕಟ್ಟಿ, ಚೀಟಿಗೆ ಸಹಿ ಮಾಡಿದಳು. ಈ ಸಲದ ಕಾಗದ ಹಾಲಿನಷ್ಟು ಸ್ವಚ್ಛವಾಗಿ ಬಂತು. ಮಾಲು ಮುಂಬೈಗೆ ಹೋಗಿ ಹಡಗು ಹತ್ತಿತು.

ಮೂರು ತಿಂಗಳ ಮೇಲೆ ಅದೇ ಅಕ್ಕಿ ಎರಡು ಲಾರಿಗಳಲ್ಲಿ ಗಿರಣಿಯ ಅಂಗಳಕ್ಕೆ ತಿರುಗಿ ಬಂತು. ಆ ದೇಶದ ಬಂದರಿನಲ್ಲಿ ಚೀಲ ಬಿಚ್ಚಿ ತಾವೇ ಪರೀಕ್ಷೆ ಮಾಡಿದ್ದರು. ಒಂದೊಂದು ಚೀಲದ ಮೇಲೂ ಕೆಂಪು ಮುದ್ರೆ. ಹಮಾಲರಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ, ಒಬ್ಬ ಮಾತ್ರ ಕೇಳಿದ: "ಮೇಡಮ್ಮೋರೇ, ಇದೇನ್ ಬಹುಮಾನದ ಠಸ್ಸೇನ್ರಿ?"

ಸಾಹುಕಾರರು ಅವಳನ್ನು ಒಂದು ಮಾತೂ ಅನ್ನಲಿಲ್ಲ. ಒಂದು ವಾರ ಮಂಕಾಗಿ ಓಡಾಡಿದರು. ಆಮೇಲೆ ಹೆಂಗಸರನ್ನು ಕರೆಸಿ ಆ ಚೀಲಗಳನ್ನೆಲ್ಲ ಕತ್ತರಿಸಿ ಸುರುವಿಸಿ, ಹತ್ತು ಕಿಲೋದ ಹೊಸ ಚೀಲಗಳಲ್ಲಿ ತುಂಬಿಸತೊಡಗಿದರು. ಹೊಸ ಚೀಲದ ಮೇಲೆ ಬಾಯಿ ತುಂಬ ನಗುವ ಕೂಸಿನ ಚಿತ್ರವಿತ್ತು.

ಹುಮೇರಾ ಅವರ ಕೋಣೆಗೆ ಹೋಗಿ ನಿಂತಳು. "ಸರ, ಇದನ್ನ ಇಲ್ಲಿ ಮಾರಬ್ಯಾಡ್ರಿ."

"ಮತ್ತ ತಿಪ್ಪಿಗಿ ಹಾಕಲೇನು? ಅವರ ಮಿತಿ ಬ್ಯಾರೆ, ನಮ್ಮ ಸರಕಾರದ ಮಿತಿ ಬ್ಯಾರೆ. ನಮ್ಮ ಮಿತಿಗಿ ಈ ಅಕ್ಕಿ ಪಾಸದ."

"ಅವರ ಹೊಟ್ಟಿ ಬ್ಯಾರೆ, ನಮ್ಮ ಹೊಟ್ಟಿ ಬ್ಯಾರೆ ಏನ್ರಿ?"

ಸಾಹುಕಾರರಿಗೆ ನಿಜವಾಗಿಯೂ ನಗು ಬಂತು. "ನಮ್ಮದು ಗಟ್ಟಿ ಹೊಟ್ಟಿ ಬಿಡು," ಅಂದರು.

ಮುಂದಿನ ಶುಕ್ರವಾರ ಅವಳು ಮನೆಗೆ ಬಂದಾಗ ಒಲೆಯ ಪಕ್ಕದಲ್ಲಿ ನಗುವ ಕೂಸಿನ ಚೀಲವಿತ್ತು. ಅಕ್ಕ ಕಹಕಶಾ ಏಳು ತಿಂಗಳ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಅವಳಿಗಾಗಿ ಗೌಹರಬೇಗಂ ಒಳ್ಳೆಯ ಅಕ್ಕಿ ಹುಡುಕಿ ತಂದಿದ್ದಳು. "ದೇಖ್ ಬೇಟಾ, ಕಲ್ಲಿಲ್ಲ, ನುಚ್ಚಿಲ್ಲ. ಮಲ್ಲಿಗಿ ಹಂಗ ಅರಳ್ತದ ಅನ್ನ," ಎಂದು ಅನ್ನದ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದಳು. ಕಹಕಶಾ ಆಗಲೇ ಉಂಡು ಗೋಡೆಗೆ ಒರಗಿ ಕೂತಿದ್ದಳು.

ಹುಮೇರಾ ಚೀಲವನ್ನು ದರದರ ಎಳೆದುಕೊಂಡು ಹೋಗಿ ಅಂಗಳದಲ್ಲಿಟ್ಟಳು. ಎಲ್ಲಿಂದ ಬಂದದ್ದು, ಯಾಕೆ ಬಂದದ್ದು, ಎಲ್ಲ ಹೇಳಿದಳು. ತಾಯಿ ಮೊದಲು ನಂಬಲಿಲ್ಲ. "ಇಡೀ ಓಣಿ ಇದನ್ನೇ ಉಣ್ಣಾಕತ್ತದ. ಯಾರಿಗಿ ಏನಾಗ್ಯದ?" ಎಂದು ಜೋರು ಮಾಡಿದಳು. ಆದರೆ ಹಿರಿಮಗಳ ಹೊಟ್ಟೆಯ ಮೇಲೆ ಅವಳ ಕಣ್ಣು ಹೋಯಿತು. ಸೆರಗು ತಲೆಗೆ ಹೊದ್ದು, ಚೀಲ ಎತ್ತಿಕೊಂಡು ಪಕ್ಕದ ಮನೆಗೆ ನಡೆದಳು. ಅಲ್ಲಿ ಹಣಮಂತಮ್ಮ ಎಂಬ ವಿಧವೆ ಇಬ್ಬರು ಮೊಮ್ಮಕ್ಕಳನ್ನು ಸಾಕಿಕೊಂಡಿದ್ದಳು.

"ಅಮ್ಮೀ, ಆಕೀಗಿ ಯಾಕ?"

"ಅನ್ನಾ ಬೀದಿಗಿ ಚೆಲ್ಲಬೇಕೇನು? ಅಲ್ಲಾ ಮೆಚ್ಚತಾನ?"

ಗೋಡೆಯಾಚೆಯಿಂದ ಹಣಮಂತಮ್ಮನ ದನಿ ಕೇಳಿಸಿತು. ಯಪ್ಪಾ, ಇಷ್ಟೊಂದು ಅಕ್ಕಿ, ನಿಮ್ಮ ಮನಿ ತಂಪಿರಲಿ ಎಂದು ಹರಸುತ್ತಿದ್ದಳು. ಹುಮೇರಾ ಎದ್ದು ಹೋಗಿ ಬೇಡ ಅನ್ನಬಹುದಿತ್ತು. ಹತ್ತು ಹೆಜ್ಜೆಯ ದಾರಿ. ಕೂತಲ್ಲೇ ಕೂತಳು. ಲಿಂಗಣ್ಣನಿಗೂ ತನಗೂ ಇನ್ನು ಏನು ಫರಕು ಉಳಿಯಿತು ಎಂದು ಆ ರಾತ್ರಿಯೆಲ್ಲ ಅದೊಂದೇ ಯೋಚನೆ.

ಮರುದಿನ ಗಿರಣಿಗೆ ಹೋಗುವ ಬದಲು ಯಾದಗಿರಿಯ ಬಸ್ಸಿನಲ್ಲೇ ಮುಂದೆ ಹೋದಳು. ಆಹಾರ ಸುರಕ್ಷತೆಯ ಕಚೇರಿ ಹುಡುಕಿ ಅರ್ಜಿ ಬರೆದುಕೊಟ್ಟಳು. ಅಧಿಕಾರಿ ಚಿಕ್ಕ ವಯಸ್ಸಿನವರು, ಸಜ್ಜನ. ಪೂರ್ತಿ ಓದಿದರು. ವಾರದೊಳಗೆ ಅಂಗಡಿಗಳಿಗೆ ಹೋಗಿ ಮಾದರಿ ತೆಗೆದು ಪರೀಕ್ಷೆಗೂ ಕಳಿಸಿದರು. ಒಂದು ತಿಂಗಳಿಗೆ ಅವಳನ್ನು ಕರೆಸಿದರು.

"ಔಷಧದ ಅಂಶ ಇರೋದು ಖರೇ. ಆದ್ರ ನಮ್ಮ ಮಿತಿಯೊಳಗ ಅದ. ಕಾನೂನಿನ ಪ್ರಕಾರ ಅಕ್ಕಿದೇನೂ ತಪ್ಪಿಲ್ಲ," ಅಂದರು. ಆಮೇಲೆ ಕಡತದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. "ತಪ್ಪಿರೋದು ಇದರಾಗ. ಮಾದರಿ ಬದಲಿ ಆಗ್ಯದಂತ ನೀವೇ ಅರ್ಜ್ಯಾಗ ಬರದೀರಿ. ಈ ಸಹಿ ಯಾರದು?"

ಹೈದರಾಬಾದಿನ ಪ್ರಯೋಗಾಲಯದಿಂದ ತರಿಸಿಕೊಂಡ, ಅವಳದೇ ಚೀಟಿಯ ನಕಲು.

"ಸಾಹುಕಾರ್ರು ಹೇಳಿದ್ದಕ್ಕ ಮಾಡೀನ್ರಿ."

"ಹಂಗಂತ ಅವರು ಬರದುಕೊಟ್ಟಾರೇನು? ಸಾಕ್ಷಿ ಯಾರರ ಅದಾರೇನು?" ಅಧಿಕಾರಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಅದು ಅವಳಿಗೆ ಇನ್ನಷ್ಟು ಚುಚ್ಚಿತು.

ಆ ಸಂಜೆಯೇ ಗಿರಣಿಯಿಂದ ಕಾಗದ ಬಂತು. ಮಾಲೀಕರಿಗೆ ತಿಳಿಯದಂತೆ ಮಾದರಿ ಬದಲಿಸಿ ಸಂಸ್ಥೆಯ ಹೆಸರು ಕೆಡಿಸಿದ್ದಕ್ಕಾಗಿ ಹುಮೇರಾ ಅವರನ್ನು ಕೆಲಸದಿಂದ ತೆಗೆಯಲಾಗಿದೆ ಎಂದಿತ್ತು.

ಅವಳು ಲಿಂಗಣ್ಣನ ಮನೆಗೆ ಓಡಿದಳು. ನೌಕರಿ ಹೋಯಿತು, ಮನೆಯಲ್ಲಿ ಬಸುರಿ ಅಕ್ಕ ಇದ್ದಾಳೆ, ನಿಮ್ಮ ಮನೆಯ ಅಕ್ಕಿ ಸಾಹುಕಾರರೇ ತರಿಸಿಕೊಂಡರೆಂದು ಒಂದು ಮಾತು ಹೇಳಿ, ಅಷ್ಟು ಸಾಕು ಎಂದು ಬೇಡಿದಳು. ಲಿಂಗಣ್ಣ ಅವಳ ಮುಖ ನೋಡದೆ ಹೊಲದ ಕಡೆ ನೋಡಿದ.

"ನಮ್ಮಲ್ಲಿ ಎರಡ ನಮೂನಿ ನೆಲ್ಲು ಎಲ್ಲದವ್ವಾ? ಎಲ್ಲಾ ಒಂದೇ. ಸಾಹುಕಾರ್ರು ಬಿಟ್ರ ನನ್ನ ನೆಲ್ಲು ಯಾರ ತಗೋತಾರ?"

"ಕಾಕಾ, ನಾ ಇಲ್ಲೇ ಕುಂತ ಉಂಡೀನಲ್ರಿ."

"ಉಂಡಿದ್ರ ಉಂಡಿ. ಎಲ್ಲಾರ ಮನ್ಯಾಗೂ ಉಣ್ತಾರ."

ಬಸ್ಸಿನ ರಸ್ತೆಗೆ ಅವಳು ಬಂದು ನಿಂತಾಗ ಗೊಲ್ಲಾಳಮ್ಮ ಏದುಸಿರು ಬಿಡುತ್ತ ಹಿಂದಿನಿಂದ ಬಂದಳು. ಸೆರಗಿನ ಕೆಳಗೆ ಒಂದು ಗಂಟು. "ನಿಮ್ಮಕ್ಕ ಬಸರ ಅದಾಳಂತಲ್ಲ. ಮನಿ ಅಕ್ಕಿ ಅವ, ಒಯ್ಯಿ ಯವ್ವಾ. ಅಂವ ಹಂಗಂದಾನಂತ ಮನಸಿನ್ಯಾಗ ಇಟ್ಕೋಬ್ಯಾಡ." ಅವಳ ಕಣ್ಣು ತುಂಬಿತ್ತು. ಹುಮೇರಾಳಿಗೆ ಗಂಟನ್ನು ರಸ್ತೆಗೆ ಬಿಸಾಕುವಷ್ಟು ಸಿಟ್ಟು ಬಂತು. ಬಿಸಾಕಲಿಲ್ಲ. ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಆ ಅಕ್ಕಿ ಕಹಕಶಾಳಿಗೆ ಇಪ್ಪತ್ತು ದಿನ ಬಂತು. ಪಕ್ಕದ ಮನೆಗೆ ಅದರಲ್ಲಿ ಒಂದು ಹಿಡಿಯೂ ಹೋಗಲಿಲ್ಲ.

ಸುಳ್ಳು ಸಹಿಯ ಹುಡುಗಿ ಎಂಬ ಮಾತು ಅವಳಿಗಿಂತ ಮೊದಲೇ ಎಲ್ಲ ಗಿರಣಿಗಳನ್ನೂ ಮುಟ್ಟಿತ್ತು. ಯಾರೂ ಕೆಲಸ ಕೊಡಲಿಲ್ಲ. ಕೊನೆಗೆ ಕರೆ ಬಂದದ್ದು ಶಹಾಪುರದ ನಸೀರುದ್ದೀನನ ಅಂಗಡಿಯಿಂದ. ಅವನದು ಬೀಜ, ಗೊಬ್ಬರ, ಬೆಳೆಗೆ ಹೊಡೆಯುವ ಔಷಧದ ವ್ಯಾಪಾರ. ಲೈಸೆನ್ಸಿಗೆ ವಿಜ್ಞಾನ ಓದಿದವರ ಸರ್ಟಿಫಿಕೇಟು ಬೇಕಾಗಿತ್ತು.

"ನೀ ಏನೂ ಮಾಡಬ್ಯಾಡ ಬೇಟಿ. ಸರ್ಟಿಫಿಕೇಟ್ ಗ್ವಾಡಿಗಿ ಹಾಕು, ಕುರ್ಚಿ ಮ್ಯಾಲ ಕೂಡು. ಗಿರಾಕಿ ಜತಿ ಮಾತಾಡೂದು ನಂದು," ಎಂದ ನಸೀರುದ್ದೀನ. ಕಹಕಶಾಳ ಬಾಣಂತನ ಮುಂದಿತ್ತು. ಹುಮೇರಾ ಹೋಗಿ ಕುರ್ಚಿಯ ಮೇಲೆ ಕೂತಳು.

ಒಂದು ತಿಂಗಳು ಸುಮ್ಮನಿದ್ದಳು. ಆಮೇಲೆ ಒಂದು ಮಧ್ಯಾಹ್ನ, ನಸೀರುದ್ದೀನ ನಮಾಜಿಗೆ ಹೋದಾಗ, ಬೆಂಕಿರೋಗದ ಔಷಧದ ಡಬ್ಬಿಗಳನ್ನೆಲ್ಲ ಇಳಿಸಿಕೊಂಡಳು. ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕೆಂದು ಆ ಸಣ್ಣ ಅಕ್ಷರಗಳಲ್ಲಿ ಹುಡುಕಿ, ಕೆಂಪು ಪೆನ್ನಿನಿಂದ ಮುಚ್ಚಳದ ಮೇಲೆ ದೊಡ್ಡದಾಗಿ ಬರೆದಳು: ೩೦. ಎಲ್ಲ ಡಬ್ಬಿಗಳ ಮೇಲೂ ಬರೆದು ಮುಗಿಸುವಷ್ಟರಲ್ಲಿ ಬೆರಳುಗಳೆಲ್ಲ ಕೆಂಪಾಗಿದ್ದವು. ಎಷ್ಟೋ ದಿನದ ಮೇಲೆ ಮನಸ್ಸಿಗೆ ಚೂರು ಹಗುರವೆನಿಸಿತು.

ಅಷ್ಟರಲ್ಲಿ ಅಯ್ಯಣ್ಣ ಎಂಬ ರೈತ ಅಂಗಡಿಗೆ ಬಂದ. ಬೆಂಕಿ ಬಿದ್ದದ, ಮುಂದಿನ ವಾರ ಕೊಯ್ಲು, ಜಲ್ದಿ ಕೊಡ್ರಿ ಅಂದ. ಅವಳು ಒಂದು ಡಬ್ಬಿಯನ್ನು ಕೈಯಲ್ಲಿ ಹಿಡಿದು, ಕೊಡದೆ, ಮುಚ್ಚಳವನ್ನು ಅವನ ಕಡೆ ತಿರುಗಿಸಿ ತೋರಿಸಿದಳು.

ಅಯ್ಯಣ್ಣ ಕಣ್ಣು ಕಿರಿದು ಮಾಡಿ ನೋಡಿದ. ಅವನ ಮುಖ ಅರಳಿತು.

"ಮೂವತ್ತೇ ರೂಪಾಯೇನ್ರಿ?" ಅಂದ. "ಹಂಗಾರ ನಾಕ ಕೊಡ್ರಿ."